ಹಳೇ ಬಂಗಾರದ ಗಣಿ ಕಡೆ ಹೋಗೋಣ ಅನ್ನುವವರಿಗೆ

ಮಂಗಳೂರು ಅಂದರೆ ಕಲಬುರಗಿಯಲ್ಲೂ ಎಲ್ಲರಿಗೂ ಕಡಲ ದಂಡೆಯ ಮಂಗಳೂರೇ ನೆನಪಾಗೋದು. ಆದರೆ ನಮ್ಮ ಯಾದಗಿರಿ ಜಿಲ್ಲೆಯಲ್ಲೂ ಒಂದು ಮಂಗಳೂರು ಇದೆ. ಹಳೇ ಸುರಪುರ ತಾಲೂಕಿನದು. ಭೂವಿಜ್ಞಾನ ಓದಿದವರಿಗೆ ಈ ಊರು ಚೆನ್ನಾಗಿ ಗೊತ್ತು, ಯಾಕಂದರೆ ಇಲ್ಲಿನ ಕಪ್ಪು-ಹಸಿರು ಕಲ್ಲಿನ ಪಟ್ಟಿಗೆ ಇದೇ ಊರಿನ ಹೆಸರು ಇಟ್ಟಿದ್ದಾರೆ. ಈ ಪಟ್ಟಿಯಲ್ಲಿ ಬಂಗಾರ ಇದೆ. ಹಿಂದಿನವರು ಅಗೆದಿದ್ದಾರೆ. ಕೃಷ್ಣಾ ನದಿ ದಾಟಿ ಲಿಂಗಸುಗೂರು ಕಡೆ ಹೋದರೆ ಹಟ್ಟಿ, ಅಲ್ಲಿ ಈಗಲೂ ಗಣಿ ನಡೆಯುತ್ತಿದೆ. ಹಾಗಾಗಿ ರಜೆ ದಿನ ಒಂದು ಪರಾತ ಹಿಡಕೊಂಡು ಹೋಗಿ ಹಳ್ಳದಲ್ಲಿ ಮರಳು ಜಾಲಿಸಿದರೆ ಹೇಗೆ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಬಂಗಾರದ ರೇಟ್ ನೋಡಿದರೆ ಕೇಳದೆ ಇರೋದೇ ಕಷ್ಟ ಬಿಡಿ.

ನನ್ನ ಉತ್ತರ ಇಷ್ಟು. ಜಾಲಿಸೋದನ್ನು ಮನೆ ಅಂಗಳದಲ್ಲಿ ಕಲಿಯಿರಿ. ಗಣಿ ಕಡೆ ಹೋದಾಗ ಕಲ್ಲು ಓದೋದನ್ನು ಕಲಿಯಿರಿ. ಎರಡನ್ನೂ ಒಂದೇ ಜಾಗದಲ್ಲಿ ಮಾಡಲು ಹೋಗಬೇಡಿ.

ಮೊದಲು ಕಾನೂನು, ಬೇಗ ಮುಗಿಸೋಣ

1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಯಾರೂ ಖನಿಜ ಅಗೆಯುವಂತಿಲ್ಲ. ಅಗೆಯೋದು ಇರಲಿ, ಖನಿಜ ಎಲ್ಲಿದೆ ಅಂತ ಹುಡುಕುವ ಕೆಲಸಕ್ಕೂ ಇದೇ ಮಾತು. ಬಂಗಾರ ದೊಡ್ಡ ಖನಿಜಗಳ ಪಟ್ಟಿಯಲ್ಲಿದೆ. ಸಿಕ್ಕಿಬಿದ್ದರೆ ಐದು ವರ್ಷದವರೆಗೆ ಜೈಲು, ಹೆಕ್ಟೇರಿಗೆ ಐದು ಲಕ್ಷದವರೆಗೆ ದಂಡ. ಹವ್ಯಾಸಕ್ಕೆ ಅಂತ ಬೇರೆ ಪರವಾನಗಿ ಏನೂ ಇಲ್ಲ. "ನಮ್ಮದೇ ಹೊಲ ಅಲ್ವಾ, ಪಹಣಿ ನಮ್ಮ ಹೆಸರಿಗೇ ಇದೆ" ಅನ್ನೋ ಮಾತೂ ಇಲ್ಲಿ ನಡೆಯಲ್ಲ. ಹಳ್ಳದ ಮರಳಿನದೂ ಅದೇ ಕಥೆ, ಒಂದು ಚೀಲ ತುಂಬಿದರೂ ಅದು ಅಕ್ರಮ ಮರಳೇ. ವಿದೇಶದವರ ವಿಡಿಯೋ ನೋಡಿ ಹುರುಪಾಗಿ ಹೊರಡುವ ಹುಡುಗರು ಇದನ್ನು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಲಿ. ಅಲ್ಲಿನ ಕಾನೂನು ಬೇರೆ, ಇಲ್ಲಿನದು ಬೇರೆ.

ಇನ್ನೊಂದು ಕಾಯ್ದೆ ನಿಧಿಗೆ ಸಂಬಂಧಿಸಿದ್ದು. ನೆಲದಲ್ಲಿ ಹೂತಿಟ್ಟ ನಾಣ್ಯ, ಒಡವೆ ಏನಾದರೂ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಇದಕ್ಕಿಂತ ಹತ್ತಿರದ ತೊಂದರೆ ಊರಿನವರ ಅನುಮಾನ. ನಮ್ಮ ಕಡೆ ನಿಧಿಗಳ್ಳರ ಕಾಟ ಎಷ್ಟಿದೆ ಅಂತ ನಿಮಗೇ ಗೊತ್ತು. ಹಾಳು ಗುಡಿಗಳ ನಂದಿ ಕಿತ್ತು, ಲಿಂಗ ಸರಿಸಿ, ಗರ್ಭಗುಡಿ ಅಗೆದು ಹೋಗುತ್ತಾರೆ. ಅಂಥ ಕಡೆ ಪರಊರಿನ ನಾಲ್ಕು ಜನ ಮೆಟಲ್ ಡಿಟೆಕ್ಟರ್, ಸುತ್ತಿಗೆ, ಸನಿಕೆ ಹಿಡಿದು ಗುಡ್ಡ ಹತ್ತಿದರೆ ಯಾರು ಸುಮ್ನೆ ಬಿಡುತ್ತಾರೆ? ಡಿಟೆಕ್ಟರ್ ಮನೆಯಲ್ಲೇ ಇರಲಿ. ಊರೊಳಗೆ ಹೋಗಿ, ಕಟ್ಟೆ ಮೇಲೆ ಕೂತಿರುವ ಹಿರಿಯರಿಗೆ ನಮಸ್ಕಾರ ಹೇಳಿ, "ಕಾಕಾ, ಕಲ್ಲು ನೋಡಾಕ ಬಂದೀವಿ, ಏನೂ ಅಗೆಯಂಗಿಲ್ಲ, ಫೋಟೋ ಹೊಡಕೊಂಡು ಹೋಗತೀವಿ" ಅಂತ ಹೇಳಿ. ಹತ್ತರಲ್ಲಿ ಎಂಟು ಸಲ ಅವರೇ ಒಬ್ಬ ಹುಡುಗನನ್ನು ಜೊತೆ ಮಾಡಿ ಕಳಿಸುತ್ತಾರೆ. ಎಲ್ಲಿ ಗುಂಡಿ ಇದೆ, ಯಾವುದರಲ್ಲಿ ಎಮ್ಮೆ ಬಿದ್ದಿತ್ತು ಅನ್ನೋದು ಆ ಹುಡುಗನಿಗೆ ಗೊತ್ತಿರುತ್ತದೆ, ಯಾವ ನಕ್ಷೆಯಲ್ಲೂ ಅದು ಇರಲ್ಲ.

ಜಾಗ ಯಾರದ್ದು ಅಂತ ಮೊದಲೇ ನೋಡಿಕೊಳ್ಳಿ. ದಿಶಾಂಕ್ ಆಪ್ ಹಾಕಿಕೊಂಡರೆ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಪಟ್ಟಾ ಹೊಲವೋ, ಗಾಯರಾಣವೋ (ದನ ಮೇಯುವ ಸರ್ಕಾರಿ ಜಾಗ), ಅರಣ್ಯವೋ, ಯಾರಿಗಾದರೂ ಗಣಿ ಗುತ್ತಿಗೆ ಇದೆಯೋ ನೋಡಿ. ಪಟ್ಟಾ ಆದರೆ ಮಾಲೀಕರನ್ನು ಕೇಳಿ. ಗುತ್ತಿಗೆ, ಬೇಲಿ, ಬೋರ್ಡು ಇದ್ದರೆ ಒಳಗೆ ಕಾಲಿಡಬೇಡಿ. ಅನುಮಾನ ಇದ್ದರೆ ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆ ಕಚೇರಿಗೆ ಒಂದು ಅರ್ಜಿ ಬರೆದು ಕೇಳಿ.

ಯಾವ ಕಡೆ ಹೋಗಬೇಕು, ಯಾವ ಕಡೆ ಹೋದರೆ ವ್ಯರ್ಥ

ಕಲಬುರಗಿ ಸುತ್ತಮುತ್ತ ಬಂಗಾರ ಹುಡುಕಬೇಡಿ. ಆಳಂದ, ಅಫಜಲಪುರ ಕಡೆ ಇರೋದು ಲಾವಾ ಹರಿದು ಆದ ಕರಿಕಲ್ಲು, ಸುಮಾರು 6.6 ಕೋಟಿ ವರ್ಷ ಹಳೆಯದು. ಶಹಾಬಾದ, ವಾಡಿ, ಸೇಡಂ ಕಡೆ ಸುಣ್ಣದ ಕಲ್ಲು. ನಮ್ಮ ಮನೆಗಳ ಫರಸಿ ಅಲ್ಲಿಂದ ಬಂದದ್ದು, ಸಿಮೆಂಟ್ ಫ್ಯಾಕ್ಟರಿಗಳು ಅಲ್ಲಿ ಕೂತಿರೋದೂ ಅದಕ್ಕೇ. ಬೀದರದಲ್ಲಿ ಕರಿಕಲ್ಲಿನ ಮೇಲೆ ಕೆಂಪು ಜಂಬಿಟ್ಟಿಗೆ ಟೋಪಿ. ಇದ್ಯಾವುದೂ ನಮ್ಮ ಕೆಲಸಕ್ಕೆ ಬರಲ್ಲ. ಬಂಗಾರ ಇರೋದು 250 ಕೋಟಿ ವರ್ಷಕ್ಕೂ ಹಳೆಯದಾದ ಹಸಿರು-ಕಪ್ಪು ಶಿಸ್ಟ್ ಅನ್ನುವ ಪದರ ಪದರದ ಕಲ್ಲಿನಲ್ಲಿ. ಅದು ನಮ್ಮ ಮೂರು ಜಿಲ್ಲೆಗಳ ಪೈಕಿ ಸುರಪುರ ಸೀಮೆಯಲ್ಲಿ ಸಿಗುತ್ತದೆ.

ಜೇವರ್ಗಿ ಮೇಲೆ ಹಾದು ಶಹಾಪುರ, ಸುರಪುರಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಅರ್ಧ ಪಾಠ ಅಲ್ಲೇ ಆಗುತ್ತದೆ. ಭೀಮಾ ದಾಟಿ ಎರಿ ಭೂಮಿ, ತೊಗರಿ, ಹತ್ತಿ. ಶಹಾಪುರ ಹತ್ತಿರ ಬರುತ್ತಿದ್ದಂತೆ ನೆಲದಿಂದ ಗ್ರಾನೈಟ್ ಗುಂಡುಗಳು ಎದ್ದು ನಿಲ್ಲುತ್ತವೆ. ಮಲಗಿದ ಬುದ್ಧನ ಹಾಗೆ ಕಾಣುವ ಗುಡ್ಡವೂ ಇದೇ ಕಲ್ಲಿನದು. ಈ ಗ್ರಾನೈಟ್ ಮುಗಿದು ಶಿಸ್ಟ್ ಶುರುವಾಗುವ ಅಂಚೇ ನಿಮ್ಮ ಕಣ್ಣಿಗೆ ಬೇಕಾದದ್ದು. ಆ ಅಂಚು ಎಲ್ಲಿದೆ ಅಂತ ತಿಳಿಯಲು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂಕೋಶ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ ನಕ್ಷೆ ಇಳಿಸಿಕೊಳ್ಳಿ, ದುಡ್ಡು ಕೊಡಬೇಕಿಲ್ಲ.

ಹೋಗುವ ಕಾಲ ದಸರಾ ಮುಗಿದ ಮೇಲೆ ಶಿವರಾತ್ರಿ ಒಳಗೆ. ಬೇಸಿಗೆಯಲ್ಲಿ ಆ ಬಂಡೆಗಳ ಮಧ್ಯೆ ನಿಲ್ಲೋಕಾಗಲ್ಲ. ಮಳೆಗಾಲದಲ್ಲಿ ಹುಲ್ಲು ಬೆಳೆದು ಗುಂಡಿ ಬಾಯಿ ಕಾಣಲ್ಲ, ಅದು ಇನ್ನೂ ಕೆಟ್ಟದ್ದು.

ಗಣಿ ಜಾಗದಲ್ಲಿ ಏನು ನೋಡಬೇಕು

ಹೋದ ತಕ್ಷಣ ಕಲ್ಲು ನೋಡಲು ಬಗ್ಗಬೇಡಿ. ಎತ್ತರದ ಒಂದು ಜಾಗದಲ್ಲಿ ನಿಂತು ಸುಮ್ನೆ ನೆಲ ನೋಡಿ. ಹಳೇ ಗುಂಡಿಗಳು ಅಡ್ಡಾದಿಡ್ಡಿ ಇರಲ್ಲ, ಒಂದೇ ಸಾಲಿನಲ್ಲಿರುತ್ತವೆ. ಹಿಂದಿನವರು ಬೆಣಚುಕಲ್ಲಿನ ಎಳೆ ಹಿಡಿದು ಅದರ ಬೆನ್ನ ಹಿಂದೆಯೇ ಅಗೆಯುತ್ತ ಹೋದವರು. ಗುಂಡಿ ಪಕ್ಕ ತೆಗೆದು ಹಾಕಿದ ಕಲ್ಲಿನ ದಿಬ್ಬ, ಅದರ ಮುಂದೆ ಮತ್ತೊಂದು ಗುಂಡಿ. ಫೋನಿನ ದಿಕ್ಸೂಚಿ ತೆಗೆದು ಆ ಸಾಲು ಯಾವ ದಿಕ್ಕಿಗೆ ಓಡಿದೆ ನೋಡಿ ಬರೆದುಕೊಳ್ಳಿ, ಆಮೇಲೆ ಶಿಸ್ಟ್ ಕಲ್ಲಿನ ಪದರ ಯಾವ ದಿಕ್ಕಿಗಿದೆ ನೋಡಿ. ಬಹಳ ಸಲ ಎರಡೂ ಒಂದೇ ಇರುತ್ತದೆ. ಇದು ಗೊತ್ತಾದ ಮೇಲೆ ಮುಂದಿನ ಗುಂಡಿ ಎಲ್ಲಿರಬಹುದು ಅಂತ ನೀವೇ ಬೆರಳು ಮಾಡಿ ತೋರಿಸಬಹುದು. ಹೋಗಿ ನೋಡಿದಾಗ ಅಲ್ಲೇ ಇದ್ದರೆ ಆಗುವ ಖುಷಿಗೆ ಬಂಗಾರ ಬೇಕಾಗಲ್ಲ, ನಾನು ಈ ಹುಚ್ಚಿಗೆ ಬಿದ್ದಿದ್ದೇ ಅದರಿಂದ.

ಆ ಕಾಲದವರು ಅಗೆದ ರೀತಿಯೂ ಕಲ್ಲಿನ ಮೇಲೆ ಉಳಿದಿರುತ್ತದೆ. ಕಟ್ಟಿಗೆ ಒಟ್ಟಿ ಬೆಂಕಿ ಹಾಕಿ ಬಂಡೆ ಕಾಯಿಸಿ, ಮೇಲೆ ನೀರು ಸುರಿದು ಬಿರುಕು ಬಿಡಿಸುತ್ತಿದ್ದರು. ಹೀಗೇ ಮಾಡಿ ಹಟ್ಟಿಯಲ್ಲಿ 600 ಅಡಿಗೂ ಕೆಳಗೆ ಇಳಿದಿದ್ದಾರೆ. ಅಲ್ಲಿ ಸಿಕ್ಕ ಹಳೇ ಮರದ ತುಂಡುಗಳ ವಯಸ್ಸು ಸುಮಾರು 2000 ವರ್ಷ. ಆ ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನ ಕಂಡವರೂ ಬಂಗಾರದ ಗಣಿ ಇಂಜಿನಿಯರೇ, ಬೀಡನ್ ಅಂತ. ಬಂಡೆ ಮೇಲೆ ಒರಳಿನಂಥ ನುಣುಪು ಕುಳಿಗಳು ಕಂಡರೆ ಅಲ್ಲೇ ನಿಂತು ನೋಡಿ, ಅದಿರು ಅರೆದು ಪುಡಿ ಮಾಡಿದ ಜಾಗ ಇರಬಹುದು. ಮುಟ್ಟಿ ನೋಡಿ, ಫೋಟೋ ತೆಗೆಯಿರಿ, ಅಷ್ಟೇ. ಹುಣಸಗಿ ಸೀಮೆಯಲ್ಲಿ ಇನ್ನೂ ಹಳೆಯ ವಸ್ತುಗಳಿವೆ. ಇಸಾಂಪುರದಲ್ಲಿ ಹಳೇ ಶಿಲಾಯುಗದವರು ಕಲ್ಲಿನ ಕೊಡಲಿ ಮಾಡಿದ ಜಾಗವೇ ಸಿಕ್ಕಿದೆ. ಅಂಚು ಕೆತ್ತಿದಂತೆ ಕಾಣುವ ಕಲ್ಲು ಕಾಲಿಗೆ ತಾಗಿದರೆ ಜೇಬಿಗೆ ಹಾಕಬೇಡಿ, ಇದ್ದಲ್ಲೇ ಬಿಡಿ.

ಈಗ ಬೆಣಚುಕಲ್ಲಿಗೆ ಬರೋಣ. ಹೊಸಬರು ಬೆಳ್ಳಗೆ ಹಾಲಿನಂತೆ ಹೊಳೆಯೋ ಕಲ್ಲಿನ ಹಿಂದೆ ಹೋಗುತ್ತಾರೆ. ಅದು ಸಾಮಾನ್ಯವಾಗಿ ಖಾಲಿ. ನಮಗೆ ಬೇಕಾದದ್ದು ಕೊಳಕಾಗಿ ಕಾಣೋ ಕಲ್ಲು. ಬೂದು ಅಥವಾ ನೀಲಿ ಛಾಯೆ, ಮಧ್ಯೆ ತೆಳುವಾದ ಕಪ್ಪು ಗೆರೆಗಳು, ಅಲ್ಲಲ್ಲಿ ತುಕ್ಕಿನ ಕಲೆ. ಭೂತಗನ್ನಡಿ ಕಣ್ಣಿಗೆ ಹತ್ತಿರ ಹಿಡಿದು ಕಲ್ಲನ್ನೇ ಮುಂದೆ ತನ್ನಿ, ಗನ್ನಡಿಯನ್ನು ಕಲ್ಲಿನ ಕಡೆ ಒಯ್ಯಬೇಡಿ. ತುಕ್ಕು ಹಿಡಿದ ಕಡೆ ಸಣ್ಣ ಸಣ್ಣ ಚೌಕ ತೂತುಗಳು ಕಾಣಬಹುದು. ಅಲ್ಲಿ ಮೊದಲು ಗಂಧಕ ಬೆರೆತ ಕಬ್ಬಿಣದ ಹರಳುಗಳಿದ್ದವು, ಮಳೆ ಗಾಳಿಗೆ ಕರಗಿ ಹೋಗಿ ಗೂಡು ಮಾತ್ರ ಉಳಿದಿದೆ. ಬಂಗಾರ ಇಂಥ ಹರಳುಗಳ ಜೊತೆಯಲ್ಲೇ ಇರುತ್ತದೆ, ಹರಳು ಕರಗಿದರೂ ಅದು ಕರಗಲ್ಲ. ಹಾಗಾಗಿ ಈ ತೂತುಗಳ ಮೂಲೆಗಳನ್ನು ನಿಧಾನಕ್ಕೆ ನೋಡಬೇಕು.

ಹಳದಿ ಏನಾದರೂ ಕಂಡರೆ ಕೂಗಬೇಡಿ. ಮೊದಲು ನಿಮ್ಮ ನೆರಳು ಅದರ ಮೇಲೆ ಬೀಳುವಂತೆ ನಿಲ್ಲಿ. ನೆರಳಿಗೂ ಅದೇ ಹಳದಿ ಉಳಿದರೆ ಮುಂದಿನ ಮಾತು. ಬಿಸಿಲಿಗೆ ಮಾತ್ರ ಮಿಂಚಿ ನೆರಳಿಗೆ ಸತ್ತರೆ ಅದು ಕಾಗೆ ಬಂಗಾರ, ಅಂದರೆ ಅಭ್ರಕ, ಇಲ್ಲವೇ ಪೈರೈಟ್ ಅನ್ನುವ ಗಂಧಕ-ಕಬ್ಬಿಣದ ಹರಳು. ಆಮೇಲೆ ಸೂಜಿ ತುದಿಯಿಂದ ಒತ್ತಿ. ಅಭ್ರಕ ಪದರ ಪದರವಾಗಿ ಏಳುತ್ತದೆ, ಪೈರೈಟ್ ಪುಡಿಯಾಗುತ್ತದೆ, ಬಂಗಾರ ಮೆತ್ತಗೆ ತಗ್ಗು ಬೀಳುತ್ತದೆ. ಬಿದ್ದಿರುವ ಚೂರಾದರೆ ಮತ್ತೊಂದು ಪರೀಕ್ಷೆ ಇದೆ: ಹೊಳಪಿಲ್ಲದ ಟೈಲ್ಸ್ ಹಿಂಭಾಗದ ಮೇಲೆ ಗೆರೆ ಎಳೆಯಿರಿ, ಪೈರೈಟ್ ಹಸಿರು-ಕಪ್ಪು ಗೆರೆ ಬಿಡುತ್ತದೆ, ಬಂಗಾರದ ಗೆರೆ ಹಳದಿಯೇ. ಪತ್ತಾರರು ಒರೆಗಲ್ಲಿನ ಮೇಲೆ ಉಜ್ಜಿ ನೋಡೋದೂ ಇದನ್ನೇ.

ಆಸೆ ಎಷ್ಟಿಟ್ಟುಕೊಳ್ಳಬೇಕು ಅನ್ನೋದಕ್ಕೆ ಒಂದು ಲೆಕ್ಕ. ಟನ್ನಿಗೆ ನಾಲ್ಕು ಗ್ರಾಂ ಬಂಗಾರ ಇದ್ದರೆ ಅದು ಗಣಿ ನಡೆಸಲು ಯೋಗ್ಯವಾದ ಅದಿರು. ಅಂಥ ಅದಿರನ್ನೇ ಐದು ಕಿಲೋ ಪುಡಿ ಮಾಡಿದರೂ ಅದರಲ್ಲಿ ಇರೋದು 20 ಮಿಲಿಗ್ರಾಂ. ಅದೂ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಕಲ್ಲೊಳಗೆ ಹುದುಗಿರುತ್ತದೆ. ಬಸ್ ಚಾರ್ಜೂ ಹುಟ್ಟಲ್ಲ.

ಹತ್ತಿರ ಹೋಗಬಾರದ್ದು

ಇದನ್ನು ಬಿಟ್ಟು ಓದಬೇಡಿ. ಹಳೇ ಗಣಿ ಬಾವಿಯ ಅಂಚು ಗಟ್ಟಿ ಕಾಣುತ್ತದೆ, ಒಳಗೆ ಟೊಳ್ಳಿರುತ್ತದೆ. ಜಾಲಿ ಬೆಳೆದು ಬಾಯಿ ಮುಚ್ಚಿರುತ್ತದೆ. ಇಣುಕಲು ಹೋಗಬೇಡಿ, ಹದಿನೈದು ಅಡಿ ದೂರದಲ್ಲೇ ನಿಲ್ಲಿ. ಅಡ್ಡ ಸುರಂಗ ಇದ್ದರೆ ಒಳಗೆ ಒಂದು ಹೆಜ್ಜೆಯೂ ಇಡಬೇಡಿ. ಒಳಗಿನ ಕೆಟ್ಟ ಗಾಳಿಗೆ ವಾಸನೆ ಇರಲ್ಲ, ತಲೆ ತಿರುಗೋದು ಗೊತ್ತಾಗುವ ಮೊದಲೇ ಬಿದ್ದಿರುತ್ತೀರಿ. ಹಿಡಿಯಲು ಹೋದವನೂ ಬೀಳುತ್ತಾನೆ. ಒಬ್ಬರೇ ಹೋಗಬೇಡಿ, ಮನೆಯಲ್ಲಿ ಊರಿನ ಹೆಸರು ಹೇಳಿಯೇ ಹೊರಡಿ.

ಇನ್ನೊಂದು ಅಪಾಯ ಕಣ್ಣಿಗೆ ಕಾಣಲ್ಲ. ಈ ಪಟ್ಟಿಯ ಬಂಗಾರದ ಜೊತೆ ಆರ್ಸೆನೋಪೈರೈಟ್ ಅನ್ನುವ ಬೆಳ್ಳಿ ಬಣ್ಣದ ಖನಿಜ ಇರುತ್ತದೆ. ಅದರೊಳಗಿರೋದು ಆರ್ಸೆನಿಕ್, ಹಳಬರು ಪಾಷಾಣ ಅನ್ನುತ್ತಿದ್ದದ್ದು. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದಲ್ಲಿ ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್ ಬಂದು ಜನರ ಅಂಗೈ, ಅಂಗಾಲು, ಮೈ ಚರ್ಮ ಕೆಟ್ಟು, ಕ್ಯಾನ್ಸರ್‌ವರೆಗೂ ಹೋಗಿದ್ದು ಸಂಶೋಧಕರು ಬರೆದಿಟ್ಟ ವಿಷಯ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಣ್ಣ, ರುಚಿ, ವಾಸನೆ ಯಾವುದರಿಂದಲೂ ಇದು ಗೊತ್ತಾಗಲ್ಲ, ಕುದಿಸಿದರೂ ಹೋಗಲ್ಲ. ಹಾಗಾಗಿ ನೀರು ಮನೆಯಿಂದಲೇ ಒಯ್ಯಿರಿ, ತಲೆಗೆ ನಾಲ್ಕು ಲೀಟರ್ ಇರಲಿ. ರೊಟ್ಟಿ ಬುತ್ತಿ ಬಿಚ್ಚುವ ಮುಂಚೆ ಆ ನೀರಿನಲ್ಲೇ ಕೈ ತೊಳೆಯಿರಿ. ಹುಲ್ಲು ಕೂಡ ಬೆಳೆಯದ ಬೂದು ಪುಡಿಯ ದಿಬ್ಬ ಕಂಡರೆ ಅದು ಅದಿರು ಅರೆದು ಉಳಿದದ್ದು, ಅದರ ಮೇಲೆ ಓಡಾಡಬೇಡಿ, ಗಾಳಿ ಇದ್ದ ದಿನ ಅದರ ಹತ್ತಿರವೂ ಬೇಡ. ಕಲ್ಲನ್ನು ಒಲೆಗೆ ಹಾಕಿ ಕಾಯಿಸುವ ಐಡಿಯಾ ಯಾರಾದರೂ ಕೊಟ್ಟರೆ ಅವರ ಜೊತೆ ಹೋಗೋದನ್ನೇ ಬಿಡಿ. ಕಾದ ಕಲ್ಲಿನಿಂದ ಬೆಳ್ಳುಳ್ಳಿ ವಾಸನೆ ಬಂತು ಅಂದರೆ ಅದೇ ವಿಷ. ಪಾದರಸ, ಸೈನೈಡ್ ಮಾತೂ ಬೇಡ.

ಜಾಲಿಸೋದು, ಮನೆ ಅಂಗಳದಲ್ಲಿ

ಗದಗ ಕಡೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮರದ ಮರಿಗೆ ಹಿಡಿದು ಮಣ್ಣಿನಿಂದ ಬಂಗಾರದ ಪುಡಿ ತೆಗೆಯುತ್ತಿದ್ದರು. ಕೈಚಳಕ ಅದೇ, ನಾವು ಸೀಸ ಹಾಕಿ ಕಲಿಯೋಣ.

ಬೇಕಾದದ್ದು: ಅಂಚು ಓರೆಯಾಗಿರುವ ಅಗಲದ ಪ್ಲಾಸ್ಟಿಕ್ ಪರಾತ, ಕಪ್ಪು ಬಣ್ಣದ್ದಾದರೆ ಒಳ್ಳೆಯದು. ಸ್ಟೀಲಿನದು ನುಣುಪು ಜಾಸ್ತಿ, ಭಾರದ ಕಾಳು ಜಾರುತ್ತದೆ. ಗಾರೆ ಕೆಲಸದ ಕಬ್ಬಿಣದ ಬುಟ್ಟಿ ಬೇಡವೇ ಬೇಡ, ಆಮೇಲೆ ಅಯಸ್ಕಾಂತ ಅದಕ್ಕೇ ಕಚ್ಚಿಕೊಳ್ಳುತ್ತದೆ. ದೊಡ್ಡ ಟಬ್ಬಿನಲ್ಲಿ ನೀರು. ಒಂದು ಜರಡಿ. ಹಳೇ ಸ್ಪೀಕರಿನ ಅಯಸ್ಕಾಂತ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರೆ ಕೇಳಿ ಒಂದು ಬಕೆಟ್ ನದಿ ಮರಳು ತನ್ನಿ. ಎಂ-ಸ್ಯಾಂಡ್ ಬೇಡ, ಅದರ ಚೂಪು ಕಾಳುಗಳು ಒಂದಕ್ಕೊಂದು ಸಿಕ್ಕಿಕೊಂಡು ಸರಿಯಾಗಿ ಹರಿಯಲ್ಲ. ಬಂಗಾರದ ಬದಲು ಮೀನು ಗಾಳಕ್ಕೆ ಕಟ್ಟುವ ಸೀಸದ ಗುಂಡು. ಅದನ್ನು ತಟ್ಟಿ ಚಪ್ಪಟೆ ಮಾಡಿ, ಜೋಳದ ಕಾಳಿಗಿಂತ ಸಣ್ಣಗೆ ಕತ್ತರಿಸಿ, 20 ಚೂರು ಎಣಿಸಿ ಇಡಿ. ಸೀಸವೂ ವಿಷವೇ, ಅಡುಗೆ ಪಾತ್ರೆ ಬಳಸಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ಮರಳು ಜರಡಿ ಹಿಡಿದು ಪರಾತದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿ. ಸೀಸದ ಚೂರು ಬೆರೆಸಿ. ಟಬ್ಬಿನ ನೀರೊಳಗೆ ಮುಳುಗಿಸಿ, ಮಣ್ಣಿನ ಹೆಂಟೆಗಳನ್ನು ಕೈಯಿಂದ ಹಿಸುಕಿ ಒಡೆಯಿರಿ. ಪರಾತ ಮಟ್ಟವಾಗಿ ಹಿಡಿದು ಎಡಕ್ಕೆ ಬಲಕ್ಕೆ ಜೋರಾಗಿ ಅಲ್ಲಾಡಿಸಿ. ಹೊಸಬರು ಅವಸರ ಮಾಡೋದು ಇಲ್ಲೇ. ಭಾರದ್ದು ತಳಕ್ಕೆ ಇಳಿಯೋಕೆ ಸಮಯ ಕೊಡದೆ ಮೇಲಿನದು ಚೆಲ್ಲಿದರೆ ಎಲ್ಲವೂ ಒಟ್ಟಿಗೆ ಹೋಗುತ್ತದೆ. ಅಲ್ಲಾಡಿಸಿದ ಮೇಲೆ ಮುಂದಿನ ಅಂಚು ಸ್ವಲ್ಪ ಬಾಗಿಸಿ, ನೀರಲ್ಲಿ ಅದ್ದಿ ಎತ್ತಿ, ಅದ್ದಿ ಎತ್ತಿ. ಮೇಲಿನ ಪದರ ನೀರಿನ ಜೊತೆ ಜಾರುತ್ತದೆ. ನಾಲ್ಕೈದು ಸಲ ಆದ ಮೇಲೆ ಮತ್ತೆ ಮಟ್ಟ ಮಾಡಿ ಅಲ್ಲಾಡಿಸಿ. ಅಕ್ಕಿ ಜಾಲಿಸಿ ಕಲ್ಲು ತೆಗೆಯುವ ಕೈಗೆ ಇದು ಬೇಗ ಬರುತ್ತದೆ, ವ್ಯತ್ಯಾಸ ಇಷ್ಟೇ, ಇಲ್ಲಿ ಅಕ್ಕಿ ಚೆಲ್ಲಿ ಕಲ್ಲು ಉಳಿಸಿಕೊಳ್ಳಬೇಕು.

ಕೊನೆಗೆ ಎರಡು ಚಮಚದಷ್ಟು ಉಳಿದಾಗ ಕೈ ನಿಧಾನ ಮಾಡಿ. ಬೊಗಸೆ ನೀರು ಹಾಕಿ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬಿಡಿ. ಇಲ್ಲದಿದ್ದರೆ ತೆಳು ಚೂರುಗಳು ನೀರಿನ ಮೇಲೇ ತೇಲಿ ಹೋಗುತ್ತವೆ. ಪರಾತ ಓರೆ ಮಾಡಿ ನೀರನ್ನು ಮೆಲ್ಲಗೆ ಸುತ್ತು ಹೊಡೆಸಿ. ಬಿಳಿ ಮರಳು ಮುಂದೆ ಓಡುತ್ತದೆ. ಕರಿ ಮರಳು ಹಿಂದೆ ಬೀಳುತ್ತದೆ. ಅದಕ್ಕೂ ಹಿಂದೆ, ಬಾಲದ ತುದಿಯಲ್ಲಿ, ಅಲ್ಲಾಡದೆ ಕೂತಿರುತ್ತವೆ ನಿಮ್ಮ ಸೀಸದ ಚೂರುಗಳು. ನೀರು ಮೇಲೆ ಹಾದರೂ ಸರಿಯಲ್ಲ. ಲೆಕ್ಕ ಸುಲಭ: ಅದೇ ಗಾತ್ರದ ನೀರಿಗಿಂತ ಮರಳು ಸುಮಾರು 2.6 ಪಟ್ಟು ಭಾರ, ಕರಿ ಮರಳಿನಲ್ಲಿರುವ ಮ್ಯಾಗ್ನೆಟೈಟ್ ಅನ್ನುವ ಕಬ್ಬಿಣದ ಖನಿಜ 5.2, ಸೀಸ 11.3, ಬಂಗಾರ 19.3. ಸೀಸ ಉಳಿಸಿಕೊಳ್ಳುವ ಕೈ ಬಂಗಾರ ಬಿಡಲ್ಲ.

ಒಣಗಿದ ಮೇಲೆ ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ಕರಿ ಮರಳಿನ ಮೇಲೆ ಆಡಿಸಿ. ಮರಳು ಕವರಿಗೆ ಅಂಟುತ್ತದೆ, ಅಯಸ್ಕಾಂತ ಹೊರಗೆಳೆದರೆ ತಾನೇ ಉದುರುತ್ತದೆ. ಕವರ್ ಸುತ್ತದೆ ಮಾಡಿದವರು ಅದನ್ನು ಕೆರೆಯುತ್ತ ಕೂರಬೇಕು. ಈಗ ಚೂರು ಎಣಿಸಿ. 20ರಲ್ಲಿ 12 ಸಿಕ್ಕರೆ ಶುರುವಿಗೆ ಪರವಾಗಿಲ್ಲ. ಸತತ ಮೂರು ಸಲ 20ಕ್ಕೆ 19 ಬರುವ ತನಕ ಅದೇ ಮರಳು, ಅದೇ ಸೀಸ. ಅಷ್ಟಾದ ಮೇಲೆ ಚೂರುಗಳನ್ನು ಇನ್ನೂ ಸಣ್ಣ ಮಾಡಿ ಮತ್ತೆ ಮೊದಲಿಂದ ಶುರು ಮಾಡಿ. ಮುಗಿದಾಗ ಟಬ್ಬಿನ ನೀರನ್ನು ಕೈತೋಟಕ್ಕೆ ಸುರಿಯಬೇಡಿ, ಸೀಸದ ಚೂರು ಎಲ್ಲ ಎಣಿಸಿ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿ.

ಒಂದು ವೇಳೆ ಗುಡ್ಡದಲ್ಲಿ ನೆರಳಿಗೂ ಸೂಜಿಗೂ ನಿಂತ ಹಳದಿ ಚುಕ್ಕೆ ಕಂಡೇ ಬಿಟ್ಟಿತು ಅನ್ನಿ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಅಳತೆ ತಿಳಿಯುವ ಹಾಗೆ ಫೋಟೋ ತೆಗೆಯಿರಿ, ಫೋನಿನಲ್ಲಿ ಜಾಗದ ಗುರುತು ಉಳಿಸಿಕೊಳ್ಳಿ, ಕಲ್ಲು ಅಲ್ಲೇ ಬಿಡಿ. ಮನೆಗೆ ಬಂದು ಬೂಟಿನ ಧೂಳು ಹೊರಗೇ ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆ ಬೇರೆ ಒಗೆಯಲು ಹಾಕಿ. ಆಮೇಲೆ ಭೂಕೋಶ್ ನಕ್ಷೆ ತೆರೆದು ಆ ಜಾಗ ಶಿಸ್ಟ್ ಮೇಲೆ ಬಿತ್ತಾ, ಗ್ರಾನೈಟ್ ಅಂಚಿನಿಂದ ಎಷ್ಟು ದೂರ ಅಂತ ನೋಡಿ. ಫೋಟೋವನ್ನು ವಾಟ್ಸಾಪ್ ಸ್ಟೇಟಸ್‌ಗೆ ಮಾತ್ರ ಹಾಕಬೇಡಿ, ಮರುದಿನವೇ ಆ ಹೊಲದ ಮಾಲೀಕರಿಗೆ ಕಾಟ ಶುರುವಾಗುತ್ತದೆ.